ರೋಮ್‌ನಲ್ಲಿ ಮೊದಲನೇ ದಿನ: ರೂಮಿನ ಬಾಡಿಗೆ ಬೇರೆ, ಸುಲಿಗೆ ಬೇರೆ

ಇಟಲಿಗೆ ಗಂಡ ಹೆಂಡ್ತಿ ಇಬ್ರೇ ಹೊರಟಿದೀರಾ, ಏಜೆಂಟ್ ಇಲ್ದೆ ರೂಮ್ ನೀವೇ ಬುಕ್ ಮಾಡ್ತಿದೀರಾ ಅಂದ್ರೆ ಇದನ್ನ ಓದಿ. ರೋಮ್‌ನಲ್ಲಿ ಆನ್‌ಲೈನಲ್ಲಿ ಕಟ್ಟಿದ ದುಡ್ಡಿಗೇ ಲೆಕ್ಕ ಮುಗಿಯಲ್ಲ. ಸಿಟಿ ಟ್ಯಾಕ್ಸ್ ಅಂತ ಸಾಮಾನ್ಯವಾಗಿ ಅಲ್ಲಿಗೆ ಹೋದ್ಮೇಲೆ ಕೈಯಲ್ಲಿ ಕೊಡ್ಬೇಕು, 3 ಸ್ಟಾರ್ ಹೋಟೆಲ್ ಆದ್ರೆ ಒಬ್ಬರಿಗೆ ಒಂದು ರಾತ್ರಿಗೆ 6 ಯೂರೊ, 4 ಸ್ಟಾರ್‌ಗೆ 7.50. ಅದು ಕಾನೂನು ಪ್ರಕಾರ ಇರೋದೇ, ನನ್ನ ತಕರಾರಿಲ್ಲ. ತಕರಾರು ಅದರ ಬಾಲ ಹಿಡ್ಕೊಂಡು ಬಂದಿದ್ದರ ಮೇಲೆ.

ನಾವು ತಗೊಂಡಿದ್ದು ರೋಮ್‌ನ ಟ್ರಾಸ್ಟೆವೆರೆ ಅನ್ನೋ ಬಡಾವಣೆ ಕಡೆ ಒಂದು ಗೆಸ್ಟ್‌ಹೌಸು. ಫೋಟೋದಲ್ಲಿ ಕಿಟಕಿಯಿಂದ ಚರ್ಚಿನ ಗುಮ್ಮಟ ಕಾಣ್ತಿತ್ತು. ನಿಜವಾಗಿ ಕಿಟಕಿ ತೆಗೆದ್ರೆ ಪಕ್ಕದ ಮನೆಯ ಎಸಿ ಡಬ್ಬ, ಅದರ ಮೇಲೆ ಪಾರಿವಾಳ. ಬೀಗದಕೈ ತರೋನು ಮುಕ್ಕಾಲು ಗಂಟೆ ಲೇಟಾಗಿ ಬಂದು, ನಾವು ಸೂಟ್‌ಕೇಸ್ ಕೆಳಗಿಡೋಕೂ ಬಿಡ್ದೆ ಚೀಟಿಲಿ ಬರೆಯೋಕೆ ಶುರು ಮಾಡ್ದ. ಸಿಟಿ ಟ್ಯಾಕ್ಸು, ಕ್ಲೀನಿಂಗ್‌ಗೆ 40 ಯೂರೊ, ಎಸಿಗೆ ದಿನಕ್ಕೆ 10, ಚೆಕ್-ಇನ್ ಟೈಮಿಗಿಂತ ಮುಂಚೆ ರೂಮ್ ಕೊಟ್ಟಿದ್ದಕ್ಕೆ 20, ಎಲ್ಲಾ ಕ್ಯಾಶಲ್ಲೇ ಬೇಕಂತೆ. ನಮ್ಮನೆಯವರು ಜಗಳ ಅಂದ್ರೆ ಆಗದೋರು, ಪರ್ಸ್ ತೆಗ್ದೇಬಿಟ್ರು. "ರೀ, ಸ್ವಲ್ಪ ತಡೀರಿ" ಅಂದು ಬುಕಿಂಗ್ ಪೇಪರ್ ಅವನ ಮುಂದೆ ಹಿಡ್ದೆ, ಎಸಿ ದುಡ್ಡು ಇದರಲ್ಲಿ ಎಲ್ಲಿದೆ ತೋರ್ಸಪ್ಪ ಅಂತ. ಅಲ್ಲಿವರೆಗೂ ಅವನಿಗೆ ಇಂಗ್ಲಿಷ್ ಚೆನ್ನಾಗೇ ಬರ್ತಿತ್ತು, ಆಮೇಲೆ ಬರ್ಲಿಲ್ಲ. ಎಲ್ಲದಕ್ಕೂ ರಸೀದಿ ಬೇಕು, ರಿಚೆವುತಾ, ರಿಚೆವುತಾ ಅಂತ ಪಟ್ಟು ಹಿಡಿದ್ಮೇಲೆ ಎಸಿನೂ ಆ 20 ಯೂರೊನೂ ಹೊಡೆದುಹಾಕ್ದ. ಕ್ಲೀನಿಂಗ್ ಮಾತ್ರ ಬಿಡ್ಲಿಲ್ಲ, ಅದು ಬುಕಿಂಗಿನ ಕೊನೇ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇದ್ದೇ ಇತ್ತು. ಬುಕ್ ಮಾಡೋ ಮುಂಚೆನೇ ಓನರ್‌ಗೆ ಮೆಸೇಜ್ ಹಾಕಿ, ಟ್ಯಾಕ್ಸ್ ಬಿಟ್ಟು ಇನ್ನೇನು ಕೊಡ್ಬೇಕು ಅಂತ ಬರವಣಿಗೇಲೇ ತಗೊಳಿ. ಪಾಸ್‌ಪೋರ್ಟ್ ಕೇಳಿದ್ರೆ ಗಾಬರಿ ಬೇಡ, ಉಳ್ಕೊಳೋರ ವಿವರ ಪೊಲೀಸರಿಗೆ ಕಳ್ಸೋದು ಅಲ್ಲಿ ಕಡ್ಡಾಯ.

ಫ್ಯುಮಿಚಿನೊ ಏರ್‌ಪೋರ್ಟಿಂದ ಬರೋಕೆ ಎಲ್ರೂ ಲಿಯೊನಾರ್ಡೊ ಎಕ್ಸ್‌ಪ್ರೆಸ್ ಟ್ರೈನ್ ಅಂತಾರೆ, ತಲೆಗೆ 14 ಯೂರೊ, ಸೀದಾ ಊರಿನ ಮೇನ್ ಸ್ಟೇಷನ್ ಟೆರ್ಮಿನಿಗೆ. ರೂಮ್ ಟ್ರಾಸ್ಟೆವೆರೆ ಕಡೆ ಇದ್ರೆ ಅದು ಸುಮ್ನೆ ದುಡ್ಡು ದಂಡ. ಎಫ್‌ಎಲ್1 ಅನ್ನೋ ಲೋಕಲ್ ಟ್ರೈನ್ 8 ಯೂರೊಗೆ ಟ್ರಾಸ್ಟೆವೆರೆ ಸ್ಟೇಷನ್ನಿಗೇ ಬಿಡತ್ತೆ, ಹೊರಗೆ ಬಂದ್ರೆ 8ನೇ ನಂಬರ್ ಟ್ರಾಮ್. ಪೇಪರ್ ಟಿಕೆಟ್ ಆದ್ರೆ ಹತ್ತೋ ಮುಂಚೆ ಅಲ್ಲಿರೋ ಮಿಷಿನ್ನಿಗೆ ತೂರಿಸಿ ಮುದ್ರೆ ಹಾಕಿಸ್ಕೊಳಿ, ಇಲ್ದಿದ್ರೆ ಫೈನ್. ಆಮೇಲೆ ಬೀದಿಗಳಲ್ಲೆಲ್ಲಾ ಚೌಕದ ಕಪ್ಪು ಕಲ್ಲು ಹಾಸಿದಾರೆ, ದೊಡ್ಡ ಸೂಟ್‌ಕೇಸ್ ಎಳ್ಕೊಂಡು ಹೋದ್ರೆ ಚಕ್ರ ಕಲ್ಲಿನ ಸಂದಿಗೆ ಸಿಕ್ಕಾಕ್ಕೊಂಡು ಪ್ರಾಣ ತಿನ್ನತ್ತೆ. ಆದಷ್ಟು ಚಿಕ್ಕ ಬ್ಯಾಗ್ ತಗೊಂಡ್ಹೋಗಿ.

ಇಷ್ಟೆಲ್ಲಾ ಆದ್ಮೇಲೆ ಹೊಟ್ಟೆ ತಣ್ಣಗಾಗಿದ್ದು ಅದೇ ಬೀದಿ ತಿರುವಲ್ಲಿದ್ದ ಪಿಜ್ಜಾ ಅಂಗಡೀಲಿ. ಪಿಜ್ಜಾ ಅಲ್ ತಾಲ್ಯೊ ಅಂತಾರೆ, ಉದ್ದುದ್ದ ತಟ್ಟೆಗಳಲ್ಲಿ ಬೇಯಿಸಿ ಗಾಜಿನ ಹಿಂದೆ ಇಟ್ಟಿರ್ತಾರೆ, ನಾವು ಕೈಯಲ್ಲಿ ಇಷ್ಟಗಲ ಅಂತ ತೋರಿಸಿದ್ರೆ ಕತ್ತರೀಲಿ ಕಟ್ ಮಾಡಿ ತೂಕ ಹಾಕ್ತಾರೆ. ರೇಟ್ ಬೋರ್ಡಲ್ಲಿ ಎತ್ತೊ ಅಂತ ಇದ್ರೆ ಅದು 100 ಗ್ರಾಂ ಲೆಕ್ಕ. ಆಲೂಗಡ್ಡೆನ ಕಾಗದದಷ್ಟು ತೆಳ್ಳಗೆ ಹೆಚ್ಚಿ ರೋಸ್‌ಮೆರಿ ಉದುರಿಸಿದ್ದು ಒಂದಿತ್ತು, ಸಾಸೂ ಇಲ್ಲ ಏನಿಲ್ಲ, ಅಂಚೆಲ್ಲಾ ಗರಿಗರಿ, ಬರೀ ಉಪ್ಪು ಎಣ್ಣೇಲಿ ಅಷ್ಟೊಂದು ರುಚಿ ಹೆಂಗೆ ಬರತ್ತೋ. ಟೊಮೆಟೊ ಬೆಳ್ಳುಳ್ಳಿ ಹಾಕಿದ ಮರಿನಾರಾದಲ್ಲಿ ಚೀಸ್ ಕೂಡ ಇರಲ್ಲ. ಸಸ್ಯಾಹಾರಿಗಳು ಸುಪ್ಲಿ ಅನ್ನೋ ಅನ್ನದ ಬೋಂಡಾನ ಮಾತ್ರ ವಿಚಾರಿಸಿ ತಗೊಳಿ, ಒಳಗೆ ಮಾಂಸದ ಸಾಸ್ ಇರ್ಬಹುದು. ಅಂಗಡಿಯಮ್ಮ ಎರಡನೇ ಸಲ ಹೋದಾಗ ನಾವು ಬಾಯಿ ತೆಗೆಯೋಕೆ ಮುಂಚೆನೇ ಆಲೂಗಡ್ಡೆ ತಟ್ಟೆಗೆ ಕತ್ತರಿ ಇಟ್ರು. ಇಬ್ಬರಿಗೆ ಹೊಟ್ಟೆ ತುಂಬಿ 11 ಯೂರೊ ಆಯ್ತು ಅಷ್ಟೇ.

ನೀರಿಗೆ ದುಡ್ಡು ಹಾಕ್ಲೇಬೇಡಿ. ಬೀದಿ ಬೀದೀಲಿ ನಸೋನಿ ಅಂತ ಕಬ್ಬಿಣದ ನಲ್ಲಿಗಳು ಸುರೀತಾನೇ ಇರ್ತವೆ, ಕುಡಿಯೋ ನೀರೇ, ಒಳ್ಳೇ ತಂಪು. ಕೊಳವೆ ತುದೀನ ಬೆರಳಲ್ಲಿ ಮುಚ್ಚಿದ್ರೆ ಮೇಲಿನ ತೂತಿಂದ ಚಿಮ್ಮತ್ತೆ, ಬಗ್ಗದೇ ಕುಡೀಬಹುದು.

ಸಂಜೆ ಟ್ರೆವಿ ಫೌಂಟೇನ್‌ಗೆ ಹೋದ್ವಿ. ನನಗೆ ಗಲಾಟೆ ಗದ್ದಲ ಆಗಲ್ಲ, ಹಾಗಾಗಿ ನನ್ನ ಮಾತು ಪೂರ್ತಿ ನಂಬ್ಬೇಡಿ, ಆದ್ರೆ 1762ರಲ್ಲಿ ಮುಗಿಸಿದ ಅಷ್ಟು ಚೆಂದದ ಕಾರಂಜಿಲಿ ನನಗೆ ಕಂಡಿದ್ದು ಮುಂದಿನೋರ ಬೆನ್ನು ಮತ್ತೆ ಸೆಲ್ಫಿ ಕೋಲು. ಗುಲಾಬಿ ಕೈಗೆ ತುರುಕೋರ ಹತ್ರ ಹೂ ಮುಟ್ಟಲೇಬೇಡಿ, ಮುಟ್ಟಿದ್ರೆ ದುಡ್ಡು ಕೇಳ್ತಾರೆ. ಸ್ಪ್ಯಾನಿಷ್ ಸ್ಟೆಪ್ಸ್ ಅನ್ನೋ ಹೆಸರುವಾಸಿ ಮೆಟ್ಟಿಲುಗಳ ಮೇಲೆ ಕೂತ್ರೆ 2019ರಿಂದ ಫೈನ್, ಕಾಲು ನೋವು ಅಂದ್ರೂ ಕೇಳಲ್ಲ. ಮೊದಲ ದಿನದ ಸುಸ್ತಿಗೆ ನಾನು ಹೇಳೋದು ಟ್ರಾಸ್ಟೆವೆರೆ ಮೇಲಿನ ಜನಿಕೊಲೊ ಗುಡ್ಡ. ಟಿಕೆಟ್ ಇಲ್ಲ, ಕ್ಯೂ ಇಲ್ಲ, ಇಡೀ ಊರು ಕಾಣತ್ತೆ, ನಮ್ಮನೆಯವರು ಅಲ್ಲೇ ಬೆಂಚಲ್ಲಿ ಒಂದು ನಿದ್ದೆ ತೆಗೆದ್ರು.

ರಾತ್ರಿ ಹೋಟೆಲ್ ಊಟ ಏಳೂವರೆ ಆಗದೆ ಸಾಮಾನ್ಯವಾಗಿ ಸಿಗಲ್ಲ. ಕೇಳದೇ ಬ್ರೆಡ್ ಬುಟ್ಟಿ ತಂದಿಟ್ರೆ ಅದಕ್ಕೂ ಬಿಲ್ಲಲ್ಲಿ ದುಡ್ಡಿರತ್ತೆ, ಬೇಡ ಅಂದ್ರೆ ಆಗ್ಲೇ ವಾಪಸ್ ಕಳ್ಸಿ.