ಕೊಕ್ಕರೆ ಕುತ್ತಿಗೆಯ ಎಚೆವೇರಿಯಾ

ಹೋದ ವರ್ಷ ಆಗಸ್ಟ್‌ನಲ್ಲಿ ಅತ್ತೆ ಉಡುಪಿಯಿಂದ ಮುಂಬೈ ಮುಲುಂಡ್‌ನ ನಮ್ಮ ಮನೆಗೆ ಬಂದಿದ್ದರು. ಬಾಲ್ಕನಿ ನೋಡಿ, "ಎಷ್ಟು ಎತ್ತರ ಬಂದಿದೆ ಮಾರಾಯ್ತಿ, ಏನು ಗೊಬ್ಬರ ಹಾಕ್ತಿ?" ಅಂದರು. ನಾನೂ ಬೀಗಿದೆ. ಮೇ ತಿಂಗಳಲ್ಲಿ ಕಮಲದ ಹಾಗೆ ಕುಂಡಕ್ಕೆ ಅಂಟಿಕೊಂಡು ಕೂತಿದ್ದ ಎಚೆವೇರಿಯಾ (ಎಲೆಯಲ್ಲಿ ನೀರು ತುಂಬಿಕೊಳ್ಳುವ ಸಕ್ಯುಲೆಂಟ್ ಗಿಡ) ಈಗ ನಾಲ್ಕು ಇಂಚು ಕುತ್ತಿಗೆ ಚಾಚಿ ಗ್ರಿಲ್ ಹೊರಗೆ ಇಣುಕುತ್ತಿತ್ತು, ಎಲೆ ಎಲೆಯ ಮಧ್ಯೆ ಬೆರಳು ತೂರಿಸುವಷ್ಟು ಜಾಗ, ಬಣ್ಣ ಬೇರೆ ಪೇಲವ. ಪಾಪ, ಅದು ಬೆಳಕಿಗೆ ಪರದಾಡ್ತಾ ಇತ್ತು ಅಂತ ನನಗೆ ಹೊಳೆದೇ ಇರಲಿಲ್ಲ.

ನಮ್ಮ ಬಾಲ್ಕನಿ ದಕ್ಷಿಣಕ್ಕಿದೆ, ಬಿಸಿಲಿಗೇನು ಕೊರತೆ ಅಂದುಕೊಂಡಿದ್ದೆ. ಆದರೆ ಮುಂಬೈ ಇರುವುದು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮಧ್ಯದಲ್ಲಿ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋದರೆ ವಾಪಸ್ ದಾಟುವುದು ಜುಲೈ ಕೊನೆಗೆ. ಅಷ್ಟು ದಿನ ದಕ್ಷಿಣದ ಬಾಲ್ಕನಿಗೆ ನೇರ ಬಿಸಿಲು ಬೀಳುವುದೇ ಇಲ್ಲ. ಮೇಲಿಂದ ಮೋಡ, ಅದರ ಮೇಲೆ ಮಳೆಗಾಲಕ್ಕೆ ಅಂತ ಮೇಲಿನ ಮನೆಯವರು ಕಟ್ಟಿದ ನೀಲಿ ತಾಡಪತ್ರಿ! ನಾನು ಮಾಡಿದ ಘನಕಾರ್ಯ ಏನಂದರೆ, ಗಿಡ ಪೇಲವ ಆಗಿದೆ ಅಂತ ಇನ್ನಷ್ಟು ನೀರು, ಇನ್ನಷ್ಟು ಗೊಬ್ಬರ ಹಾಕಿದ್ದು. ಬೆಳಕಿಲ್ಲದ ಕಡೆ ಇವೆರಡೂ ಜಾಸ್ತಿಯಾದರೆ ಕಾಂಡ ಇನ್ನೂ ಉದ್ದ, ಇನ್ನೂ ಮೆತ್ತಗೆ ಆಗುತ್ತದೆ.

ಒಮ್ಮೆ ಉದ್ದವಾದ ಕಾಂಡ ಎಷ್ಟು ಬಿಸಿಲಿಗಿಟ್ಟರೂ ಮತ್ತೆ ಗಿಡ್ಡ ಆಗುವುದಿಲ್ಲ. ಹೊಸ ಎಲೆ ಒತ್ತಾಗಿ ಬರುತ್ತವೆ, ಅಷ್ಟೇ. ಹಾಗಾಗಿ ತಲೆ ಕತ್ತರಿಸಲೇಬೇಕು. ಕೈ ನಡುಗುತ್ತದೆ, ಗೊತ್ತು.

ನಾನು ಅದನ್ನೂ ಅವಸರಕ್ಕೆ ಆಗಸ್ಟ್‌ನಲ್ಲೇ ಮಾಡಿ, ಮಾರನೇ ದಿನವೇ ಒದ್ದೆ ಮಣ್ಣಿಗೆ ಊರಿದೆ. ಹತ್ತು ದಿನದಲ್ಲಿ ಬುಡ ಕಪ್ಪಾಗಿ ಕೊಳೆತು ಹೋಯಿತು. ಮುಂಬೈ ಮಳೆಗಾಲದಲ್ಲಿ ಹಪ್ಪಳವೇ ಒಣಗುವುದಿಲ್ಲ, ಗಿಡದ ಗಾಯ ಒಣಗುತ್ತದಾ?

ಹೀಗೇ ಉದ್ದವಾಗಿದ್ದ ಎರಡನೇ ಎಚೆವೇರಿಯಾವನ್ನು ನವೆಂಬರ್‌ವರೆಗೆ ಹಾಗೇ ಸೊಟ್ಟಗೆ ಬಿಟ್ಟೆ. ಚೂಪಾದ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ತಲೆಯ ಕೆಳಗೆ ಒಂದೂವರೆ ಇಂಚು ಕಾಂಡ ಉಳಿಯುವ ಹಾಗೆ ಕತ್ತರಿಸಿ, ಅದಕ್ಕೆ ಅಂಟಿದ್ದ ಕೆಳಗಿನ ಎಲೆ ನಾಲ್ಕೈದು ಕಿತ್ತು, ನೆರಳಲ್ಲಿ ಖಾಲಿ ಲೋಟದ ಬಾಯಿ ಮೇಲೆ ಕೂರಿಸಿದೆ. ಐದನೇ ದಿನಕ್ಕೆ ಗಾಯ ಒಣಗಿ ಗಟ್ಟಿ ಪೊರೆ ಬಂತು. ಆಮೇಲೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕಮ್ಮಿ, ಪರ್ಲೈಟ್ (ಹಗುರ ಬಿಳಿ ಕಲ್ಲಿನ ಹರಳು) ಮತ್ತು ದಪ್ಪ ಮರಳು ಜಾಸ್ತಿ ಇರುವ ಒಣ ಮಿಶ್ರಣಕ್ಕೆ ಊರಿದೆ. ನೀರು ಹಾಕಲಿಲ್ಲ. ಎರಡು ವಾರದ ನಂತರ ಮೆಲ್ಲಗೆ ಎಳೆದು ನೋಡಿದರೆ ಮಣ್ಣು ಹಿಡಿದುಕೊಂಡಿತ್ತು. ಆಗ ಮೊದಲ ನೀರು. ಕಿತ್ತ ಎಲೆಗಳನ್ನು ಮಣ್ಣಿನ ಮೇಲೆ ಸುಮ್ನೆ ಹರಡಿದ್ದೆ, ಅದರಲ್ಲೂ ಎರಡು ಎಲೆ ಬೇರು ಬಿಟ್ಟವು.

ಕೊಂಬೆ ಇರುವ ಸಕ್ಯುಲೆಂಟ್ ಆದ ಜೇಡ್ ಗಿಡಕ್ಕೆ ಇಷ್ಟೆಲ್ಲ ನಾಟಕ ಬೇಡ. ಗಿಣ್ಣಿನ ಸ್ವಲ್ಪ ಮೇಲೆ ಕತ್ತರಿಸಿದರೆ ಸಾಮಾನ್ಯವಾಗಿ ಎರಡು ಕೊಂಬೆ ಒಡೆಯುತ್ತದೆ. ನೆಲಕ್ಕಂಟಿ ಬೆಳೆಯುವ ಪುಟ್ಟ ಸಕ್ಯುಲೆಂಟ್ ಹಾವರ್ತಿಯಾಗೆ ಕತ್ತರಿ ಮುಟ್ಟಿಸಬೇಡಿ, ಬೆಳಕಿರುವ ಕಡೆ ಇಟ್ಟು ಕಾಯಿರಿ.

ಕತ್ತರಿಸಿದ ಖುಷಿಯಲ್ಲಿ ನೇರ ಟೆರೇಸಿಗೆ ಒಯ್ಯಬೇಡಿ ಮತ್ತೆ. ನೆರಳಲ್ಲಿದ್ದ ಎಲೆ ಒಂದೇ ಮಧ್ಯಾಹ್ನಕ್ಕೆ ಸುಟ್ಟು ಹೋಗುತ್ತದೆ, ಆ ಕಲೆ ಹೋಗುವುದೇ ಇಲ್ಲ. ಮೊದಲ ವಾರ ಬೆಳಗಿನ ಒಂದು ಗಂಟೆ ಬಿಸಿಲು ಸಾಕು, ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಈ ಮಳೆಗಾಲಕ್ಕೆ ನಾನು ಶೆಲ್ಫ್ ಕೆಳಗೆ ಮಾಮೂಲಿ ಬಿಳಿ ಎಲ್‌ಇಡಿ ಟ್ಯೂಬ್ ಕಟ್ಟಿದ್ದೇನೆ, ಗಿಡದಿಂದ ಅರ್ಧ ಅಡಿ ಮೇಲೆ, ದಿನಕ್ಕೆ 12 ಗಂಟೆ. ಗುಲಾಬಿ ಬಣ್ಣದ ದುಬಾರಿ ಲೈಟೇ ಬೇಕು ಅಂತೇನಿಲ್ಲ.

ತಲೆ ಕತ್ತರಿಸಿದ ಮೇಲೆ ಕುಂಡದಲ್ಲಿ ಉಳಿದಿದ್ದ, ಎಸೆಯಬೇಕು ಅಂದುಕೊಂಡಿದ್ದ ಆ ಬೋಳು ಕಾಂಡದ ಸುತ್ತ ಜನವರಿಯಲ್ಲಿ ನಾಲ್ಕು ಮರಿ ಬಂದವು. ಅತ್ತೆ ಫೋನಿನಲ್ಲಿ ಒಂದು ಕೇಳಿದ್ದಾರೆ. ಕೊಡ್ತೇನೆ, ಆದರೆ ಉಡುಪಿ ಮಳೆಗೆ ಅಂಗಳದಲ್ಲಿ ಇಡಬೇಡಿ ಅಂತ ನಾಲ್ಕು ಸಲ ಹೇಳಿಯೇ ಕೊಡಬೇಕು.