ಮೂರು ಸಲ 846 ಬಂತು, ಆದರೂ ಅದು ತಪ್ಪು

ಲೇಸರ್ ಬಿಟ್ಟು ದೂರ ಅಳೆಯುವ ರೇಂಜ್‌ಫೈಂಡರ್ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 1,800 ಗಜ ಅಂತ ಇದ್ದರೆ ಸಾಕು, ನಮ್ಮ ಸೇಲ್ಸ್‌ನವರಿಗೆ ಬೇರೇನೂ ಕಾಣುವುದಿಲ್ಲ. ನಾನು ಮೈಸೂರಿನ ಒಂದು ಸರ್ವೆ ಉಪಕರಣದ ಅಂಗಡಿಯಲ್ಲಿ ಸರ್ವಿಸ್ ನೋಡಿಕೊಳ್ಳುತ್ತೇನೆ. ಕೋನ, ದೂರ ಕರಾರುವಾಕ್ಕಾಗಿ ಅಳೆಯುವ ಟೋಟಲ್ ಸ್ಟೇಷನ್, ಎತ್ತರ ತಗ್ಗು ನೋಡುವ ಆಟೋ ಲೆವೆಲ್ ನಮ್ಮ ದಿನದ ಅನ್ನ. ಬಂದೂಕಿನಿಂದ ದೂರದ ಗುರಿ ಹೊಡೆಯುವವರು ನಮ್ಮಲ್ಲಿಗೆ ಬರುವುದು ಅಪರೂಪ. ಅದಕ್ಕೇ ಆ ಒಂದು ಡೆಮೊ ಇನ್ನೂ ತಲೆಯಲ್ಲಿ ಕೂತಿದೆ.

ಬಂದವರು ಸೇನೆಯಿಂದ ನಿವೃತ್ತರಾದ ಸುಬೇದಾರರು, ಮಂಡ್ಯ ಕಡೆಯವರು. ಮಗ ಆಸ್ಟ್ರೇಲಿಯಾದಲ್ಲಿದ್ದಾನೆ. ಅಲ್ಲಿಗೆ ಹೋದಾಗಲೆಲ್ಲ ಇಬ್ಬರೂ ಹೊಲದಲ್ಲಿ ಉಕ್ಕಿನ ಪ್ಲೇಟ್ ನಿಲ್ಲಿಸಿಕೊಂಡು ಗುರಿ ಹೊಡೆಯುತ್ತಾರಂತೆ. 10 ಮೀಟರ್, 50 ಮೀಟರ್ ಶೂಟಿಂಗ್ ರೇಂಜಿನಲ್ಲಿ ದೂರ ಮೊದಲೇ ಗೊತ್ತಿರುತ್ತದೆ, ಅಲ್ಲಿ ಇದೆಲ್ಲ ಬೇಡವೇ ಬೇಡ. ಹೊಲದಲ್ಲಿ ಹಾಗಲ್ಲ. "ಅಂಗಡಿಯೊಳಗೆ ಗೋಡೆಗೆ ಹಿಡಿದು ತೋರಿಸಬೇಡಿ, ಬಯಲಲ್ಲಿ ತೋರಿಸಿ" ಅಂದರು. ಸರಿಯಾದ ಮಾತು. ಯಜಮಾನ್ರು ಒಪ್ಪಿದರು.

ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಏರಿ ಮೇಲೆ ಒಂದು ಉದ್ದನೆಯ ನೇರ ಜಾಗ ಹುಡುಕಿಕೊಂಡೆವು. ಆ ತುದಿಯಲ್ಲಿ 45 ಸೆಂಟಿಮೀಟರ್ ಅಗಲದ, ಬಿಳಿ ಬಣ್ಣ ಬಳಿದ ಒಂದು ತಗಡು ನಿಲ್ಲಿಸಿದೆವು. ಅದರ ಹಿಂದೆ ಸ್ವಲ್ಪ ದೂರಕ್ಕೆ ತೆಂಗಿನ ಸಾಲು. ಸೇಲ್ಸ್ ಹುಡುಗ 1,800 ಗಜದ ಪೀಸ್ ಕೈಲಿ ಹಿಡಿದು ಗುಂಡಿ ಒತ್ತಿದ. 846 ಮೀಟರ್. ಮತ್ತೆ ಒತ್ತಿದ, 846. ಇನ್ನೊಂದು ಸಲ, ಅದೇ. "ನೋಡಿ ಸರ್, ಒಂದು ಮೀಟರೂ ಅಲುಗಾಡಲ್ಲ" ಅಂದ. ಸುಬೇದಾರರು ಏನೂ ಹೇಳದೆ ಪುಟ್ಟ ನೋಟ್‌ಬುಕ್ಕಲ್ಲಿ ಬರೆದುಕೊಂಡರು. ಅಷ್ಟರಲ್ಲಿ ಯಜಮಾನ್ರ ಫೋನ್ ಬೇರೆ, "ಆಯ್ತೇನ್ರೋ?" ಅಂತ.

ನಾನು ಟೋಟಲ್ ಸ್ಟೇಷನ್ ತಂದಿದ್ದೆ. ತಗಡಿನ ಪಕ್ಕದಲ್ಲೇ ನಮ್ಮ ಹುಡುಗ ಪ್ರಿಸಂ ಪೋಲ್ (ಬೆಳಕನ್ನು ವಾಪಸ್ ಕಳಿಸುವ ಗಾಜು ಇರುವ ಕೋಲು) ಹಿಡಿದು ನಿಂತಿದ್ದ. ಲೆವೆಲ್ ಮಾಡಿ ನೋಡಿದರೆ 782 ಮೀಟರ್. ಮತ್ತೆ ನೋಡಿದೆ. ಪ್ರಿಸಂಗೆ ಹಾಕುವ ತಿದ್ದುಪಡಿ ಅಂಕಿ, ಅಂದರೆ ಪ್ರಿಸಂ ಕಾನ್‌ಸ್ಟಂಟ್ ನೋಡಿದೆ. ಎಲ್ಲ ಸರಿಯಾಗೇ ಇದೆ. 64 ಮೀಟರ್ ವ್ಯತ್ಯಾಸ! ಸೇಲ್ಸ್ ಹುಡುಗ ನನ್ನನ್ನು ಪಕ್ಕಕ್ಕೆ ಕರೆದು, "ಗುರು, ಈಗ ಹೇಳ್ಬೇಡ, ನಿನ್ನ ಮಿಷನ್ನೇ ಸೆಟ್ಟಾಗಿಲ್ಲ ಅಂತ ಅಂದ್ಬಿಡೋಣ" ಅಂದ. ಬಿಸಿಲು, ಫೋನು, ಅವರ ಕಣ್ಣು ನನ್ನ ಮೇಲೆ. ಸೇಲ್ ಹೋದರೆ ಆ ತಿಂಗಳ ಟಾರ್ಗೆಟ್ ಹೋಯಿತು ಅಂತ ಎಲ್ಲರಿಗೂ ಗೊತ್ತು. ನಾನು ಅವರ ಹತ್ತಿರ ಹೋಗಿ, "ಸರ್, ದೂರ 782. ಇದು ಹಿಂದಿನ ತೆಂಗಿನ ಮರ ಅಳೀತಿದೆ" ಅಂದೆ. ಅವರು, "ನನಗೂ ಹಾಗೇ ಅನ್ನಿಸ್ತು ಕಣಪ್ಪಾ, ಅದಕ್ಕೇ ಬರ್ಕೊಂಡೆ" ಅಂದರು.

64 ಮೀಟರ್ ಸುಮ್ನೆ ಬಿಡುವ ಅಂಕಿಯಲ್ಲ. ಸಾಮಾನ್ಯ 308 ಬುಲೆಟ್ ಇಟ್ಟುಕೊಂಡು ಲೆಕ್ಕ ಹಾಕಿದರೆ, 846 ಮೀಟರಿಗೆ ಗುಂಡು ಎಷ್ಟು ಕೆಳಗೆ ಬೀಳುತ್ತದೋ ಅಷ್ಟಕ್ಕೆ ಬಂದೂಕಿನ ಸ್ಕೋಪ್ ಏರಿಸಿ 782ರಲ್ಲಿರುವ ಪ್ಲೇಟಿಗೆ ಹೊಡೆದರೆ ಗುಂಡು ಹೆಚ್ಚು ಕಡಿಮೆ ಒಂದು ಮೀಟರ್ ಮೇಲೆ ಹೋಗುತ್ತದೆ. ಪ್ಲೇಟೇ 45 ಸೆಂಟಿಮೀಟರ್! ಮೂರು ಸಲ ಒಂದೇ ಅಂಕಿ ಬಂದರೆ ಅದು ಸರಿ ಅಂತ ಬಹಳ ಜನ ನಂಬುತ್ತಾರೆ. ತಪ್ಪು ವಸ್ತುವನ್ನು ಮೂರು ಸಲ ಅಳೆದರೂ ಅಂಕಿ ಅದೇ ಬರುತ್ತದೆ ಅಲ್ವಾ?

ಯಾಕೆ ಹಾಗಾಯಿತು? ಲೇಸರ್ ಅಂದರೆ ದಾರದಷ್ಟು ಸಣ್ಣ ಗೆರೆ ಅಂದುಕೊಳ್ಳುತ್ತೇವೆ. ಅದು ದೂರ ಹೋದಷ್ಟೂ ಟಾರ್ಚಿನ ಬೆಳಕಿನ ಹಾಗೆ ಹರಡುತ್ತದೆ. ಬೀಮ್ (ಲೇಸರ್ ಕಿರಣ) ಹರಡುವ ಕೋನ 1 ಮಿಲಿರೇಡಿಯನ್ ಇದ್ದರೆ 1,000 ಮೀಟರಲ್ಲಿ ಒಂದು ಮೀಟರ್ ಅಗಲ. 2 ಇದ್ದರೆ ನಮ್ಮ 782 ಮೀಟರಲ್ಲಿ ಒಂದೂವರೆ ಮೀಟರಿಗೂ ಜಾಸ್ತಿ. ತಗಡಿನ ಸುತ್ತ ಹಾದುಹೋದ ಬೆಳಕೇ ಹೆಚ್ಚು, ಅದು ತೆಂಗಿಗೆ ಬಡಿದು ವಾಪಸ್ ಬಂತು. ಜೊತೆಗೆ ಆ ಪೀಸ್ ದೂರದ ವಸ್ತುವನ್ನೇ ಆರಿಸುವ ಮೋಡ್‌ನಲ್ಲಿತ್ತು. ಪೊದೆಯ ಆಚೆ ನಿಂತ ಪ್ರಾಣಿ ನೋಡುವವರಿಗೆ ಅದು ಬೇಕು. ಗಾಲ್ಫ್‌ನವರಿಗೆ ಉಲ್ಟಾ, ಮುಂದಿರುವ ಬಾವುಟ ಬೇಕು. ಮೋಡ್ ಬದಲಿಸಲು ಬರದ ಪೀಸ್‌ಗಳೂ ಇವೆ. ಕೊಳ್ಳುವ ಮೊದಲೇ ಕೇಳಿ.

ಇನ್ನು ಆ 1,800 ಗಜ. ಅದು ರಸ್ತೆ ಬೋರ್ಡಿನಂಥ ಥಳಥಳ ಹೊಳೆಯುವ ವಸ್ತುವಿಗೆ ಹೇಳುವ ದೂರ. ಮರಕ್ಕೆ ಅದಕ್ಕಿಂತ ತುಂಬಾ ಕಡಿಮೆ, ಜಿಂಕೆಗೆ ಇನ್ನೂ ಕಡಿಮೆ. ಒಳ್ಳೆಯ ಕಂಪನಿಗಳು ಮೂರನ್ನೂ ಬೇರೆ ಬೇರೆ ಬರೆಯುತ್ತವೆ. ನಡು ಮಧ್ಯಾಹ್ನದ ಬಿಸಿಲಲ್ಲಿ ಇದೂ ಇಳಿಯುತ್ತದೆ. ಮಂಜಿದ್ದರೆ ಕೇಳಲೇಬೇಡಿ. ಸಾಮಾನ್ಯ ಪೀಸ್‌ಗಳಲ್ಲಿ 905 ನ್ಯಾನೋಮೀಟರ್ ತರಂಗಾಂತರದ ಲೇಸರ್ ಇರುತ್ತದೆ. 1550ರದು ಕಣ್ಣಿಗೆ ಕಡಿಮೆ ಅಪಾಯ, ಆದ್ದರಿಂದ ಜಾಸ್ತಿ ಶಕ್ತಿ ಬಿಡಬಹುದು. ಆದರೆ ಅದನ್ನು ಹಿಡಿಯುವ ಸೆನ್ಸರ್ ದುಬಾರಿ, ಬೆಲೆ ಎಲ್ಲಿಗೋ ಹೋಗುತ್ತದೆ. ಸಾವಿರ ಮೀಟರೊಳಗೆ ಹೊಡೆಯುವವರಿಗೆ ಬೀಮ್ ಕಿರಿದಾಗಿರುವ ಒಳ್ಳೆಯ 905 ಸಾಕು ಅನ್ನುವುದು ನನ್ನ ಅಭಿಪ್ರಾಯ. ಪ್ಲಸ್ ಮೈನಸ್ ಒಂದು ಮೀಟರೋ ಅರ್ಧ ಮೀಟರೋ ಅಂತ ತಲೆ ಕೆಡಿಸಿಕೊಳ್ಳಬೇಡಿ, ಅದಕ್ಕಿಂತ ಬೀಮ್ ಅಗಲ ಎಷ್ಟು ಅಂತ ಕೇಳಿ. ಸೇಲ್ಸ್‌ನವರಿಗೆ ಗೊತ್ತಿಲ್ಲದಿದ್ದರೆ ಮ್ಯಾನುಯಲ್ ತೆಗೆಸಿ.

ಎರಡನೆಯ ಪೀಸ್ ಡಬ್ಬದಲ್ಲಿ ಕಡಿಮೆ ದೂರ ಬರೆದುಕೊಂಡಿದ್ದದ್ದು. ಅದನ್ನು ಮೊದಲು ಸುಬೇದಾರರೇ ಕೈಲಿ ಹಿಡಿದರು, ಅಂಕಿ ಒಮ್ಮೆ ಬಂದರೆ ಒಮ್ಮೆ ಇಲ್ಲ. ಟ್ರೈಪಾಡ್ ಮೇಲೆ ಕೂರಿಸಿದ ಮೇಲೆ 782, 783, 782. ಅಷ್ಟು ದೂರಕ್ಕೆ ಕೈ ಸ್ವಲ್ಪ ನಡುಗಿದರೂ ಬೀಮ್ ತಗಡು ಬಿಟ್ಟು ಆಚೆ ಹೋಗುತ್ತದೆ. ತಳದಲ್ಲಿ ಟ್ರೈಪಾಡ್ ತಿರುಪಿಗೆ ಜಾಗ ಇಲ್ಲದ ಪೀಸನ್ನು ಈ ಕೆಲಸಕ್ಕೆ ನಾನು ಯಾರಿಗೂ ಹೇಳುವುದಿಲ್ಲ. ಗಾಲ್ಫ್ ಪೀಸಿನ ಸ್ಲೋಪ್ (ಏರಿಳಿತಕ್ಕೆ ಸರಿಹೊಂದಿಸಿದ) ಅಂಕಿಯನ್ನೂ ಬಳಸಬೇಡಿ, ಅದು ಚೆಂಡಿನ ಲೆಕ್ಕ. ಬಂದೂಕಿಗೆ ಬೇಕಾದ್ದು ಅಡ್ಡದೂರ, ಅಂದರೆ ಇಳಿಜಾರು ಬಿಟ್ಟು ಸಮತಟ್ಟಾಗಿ ಅಳೆದ ದೂರ: 20 ಡಿಗ್ರಿ ಇಳಿಜಾರಲ್ಲಿ 500 ಮೀಟರ್ ತೋರಿಸಿದರೆ ಲೆಕ್ಕಕ್ಕೆ ಸುಮಾರು 470.

ವಾಪಸ್ ಬರುವ ಮೊದಲು ಇನ್ನೊಂದು ಪರೀಕ್ಷೆ ಮಾಡಿಸಿದೆ. ಹಿಂದೆ ಆಕಾಶ ಬಿಟ್ಟರೆ ಬೇರೇನೂ ಇಲ್ಲದ ಲೈಟ್ ಕಂಬ ಹುಡುಕಿ, ಪೀಸನ್ನು ಬಿಡದೆ ಅಳೆಯುತ್ತಲೇ ಇರುವ ಸ್ಕ್ಯಾನ್ ಮೋಡ್‌ನಲ್ಲಿಟ್ಟು ಎಡದಿಂದ ಮೆಲ್ಲಗೆ ಕಂಬದ ಕಡೆ ತರುವುದು, ಅಂಕಿ ಎಲ್ಲಿ ಶುರುವಾಗುತ್ತದೆ ನೋಡುವುದು, ಆಮೇಲೆ ಬಲದಿಂದ. ಎರಡೂ ಕಡೆ ಸಮ ಬಂದರೆ ಕಣ್ಣಿಟ್ಟಾಗ ಒಳಗೆ ಕಾಣುವ ಗುರಿಯ ಗುರುತು ಮತ್ತು ಬೀಮ್ ಒಂದೇ ಕಡೆ ನೋಡುತ್ತಿವೆ. ಮೇಲೆ ಕೆಳಗೂ ಹೀಗೇ, ಮನೆಯ ತಾರಸಿ ಅಂಚಿಗೆ ನೋಡಬಹುದು. ಅವರು ತೆಗೆದುಕೊಂಡ ಪೀಸ್ ಸಮ ಇತ್ತು. 1,800 ಗಜದ್ದು ಬಲಕ್ಕೆ ವಾಲಿತ್ತು, ಅದನ್ನು ಕಂಪನಿಗೆ ವಾಪಸ್ ಕಳಿಸಿದೆವು.