ಯಾರದಾದ್ರೂ ಮದುವೆ ಇದೆಯಾ?

ಕಳೆದ ಭಾನುವಾರ ಮೇಲಿನ ಮನೆಯ ಅಜ್ಜನನ್ನು ಒಂದು ಮಾತು ಕೇಳಿ ಪೆಚ್ಚಾದೆ. ನಾವೀಗ ಇರುವ ಚೆಕ್ ದೇಶದ ಪ್ರಾಗ್‌ನಲ್ಲಿ ಟ್ರಾಮ್ ಓಡಿಸಿ ನಿವೃತ್ತರಾದವರು. ವಯೋಲಾ, ಅಂದರೆ ವಯಲಿನ್‌ಗಿಂತ ಸ್ವಲ್ಪ ದೊಡ್ಡ ವಾದ್ಯ, ನುಡಿಸುತ್ತಾರೆ. ಎದುರು ಮನೆಯ ಹಲ್ಲಿನ ಡಾಕ್ಟರಮ್ಮನದು ಒಂದು ವಯಲಿನ್, ನನ್ನ ಮಗಳದು ಇನ್ನೊಂದು. ಒಂದು ತಿಂಗಳಿಂದ ಇದೇ ಅಭ್ಯಾಸ. "ಕಾರ್ಯಕ್ರಮ ಯಾವಾಗ?" ಅಂದೆ. ಅಜ್ಜ ಕನ್ನಡಕದ ಮೇಲಿಂದ ನೋಡಿ, "ಯಾಕೆ, ಯಾರದಾದ್ರೂ ಮದುವೆ ಇದೆಯಾ?" ಅಂದರು.

ಅವರು ನುಡಿಸುತ್ತಿರುವುದು ಚೆಕ್ ಸಂಗೀತಗಾರ ಡ್ವೊರ್ಜಾಕ್ ಬರೆದದ್ದು. 1887ರಲ್ಲಿ ಇದೇ ಊರಲ್ಲಿ, ಡ್ವೊರ್ಜಾಕ್ ಇದ್ದ ಮನೆಯಲ್ಲೇ ಕೆಮಿಸ್ಟ್ರಿ ಓದುವ ಹುಡುಗನೊಬ್ಬ ಬಾಡಿಗೆಗಿದ್ದ. ವಯಲಿನ್ ಕಲಿಯುತ್ತಿದ್ದ. ಆ ಹುಡುಗ, ಅವನ ಮೇಷ್ಟ್ರು, ವಯೋಲಾ ಹಿಡಿದು ತಾವು, ಹೀಗೆ ಮೂವರೂ ಕೂತು ನುಡಿಸೋಣವೆಂದು ಡ್ವೊರ್ಜಾಕ್ ಒಂದು ಕೃತಿ ಬರೆದರು. ಹುಡುಗನಿಗೆ ಅದು ಕಷ್ಟವಾಯಿತು. ಸರಿ, ಅವನ ಕೈಗೆ ಎಟುಕುವ ಹಾಗೆ ಇನ್ನೂ ಸುಲಭದ್ದು ಬರೆದರು, ನಾಲ್ಕು ಪುಟ್ಟ ತುಣುಕು. ಅಷ್ಟು ದೊಡ್ಡ ಸಂಗೀತಗಾರ, ಬಾಡಿಗೆ ಹುಡುಗನಿಗೋಸ್ಕರ!

ಅವತ್ತು ಅರ್ಧದಲ್ಲಿ ಅಜ್ಜನಿಗೆ ಲೆಕ್ಕ ತಪ್ಪಿತು. ಮೂವರೂ ನಕ್ಕು ಮತ್ತೆ ಮೊದಲಿಂದ ಹಿಡಿದರು. ಮನೆಗೆ ಬರುತ್ತಾ ಮೆಟ್ಟಿಲ ಮೇಲೆ ಮಗಳು ಕೇಳಿದಳು: "ಅಮ್ಮಾ, ದಾವಣಗೆರೆ ಅಜ್ಜ ಯಾರ ಜೊತೆ ನುಡಿಸ್ತಿದ್ರು?"

ಯಾರ ಜೊತೆಗೂ ಇಲ್ಲ. ಅಪ್ಪ ಕಾಟನ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಸಂಜೆ ಬಂದು, ಕೆ.ಟಿ.ಜೆ. ನಗರದ ಆ ಪುಟ್ಟ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ, ವಯಲಿನ್ನಿನ ತಲೆಯನ್ನು ಬಲಗಾಲಿನ ಮೇಲೆ ಊರಿ, ಕಮಾನಿಗೆ ರಾಳ ತಿಕ್ಕಿ ಶುರು ಮಾಡುತ್ತಿದ್ದರು. ಬೀದಿಯಲ್ಲಿ ಹೋಗುವವರು, "ಏನ್ ಸಾರ್, ಜೂನಿಯರ್ ಪರೀಕ್ಷೆ ಪಾಸಾಯ್ತಾ? ಕಚೇರಿ ಯಾವಾಗ?" ಅನ್ನೋರು. ಆಮೇಲೆ ಅಪ್ಪ ಕಿಟಕಿ ಹಾಕಿಕೊಂಡು ನುಡಿಸತೊಡಗಿದರು. ಆ ಬೇಸಿಗೆಯಲ್ಲೂ.

ನಮ್ಮಲ್ಲಿ ಜೊತೆಗೂಡಿ ಹಾಡುವುದಿಲ್ಲ ಅಂತಲ್ಲ. ಶನಿವಾರದ ಭಜನೆಯಲ್ಲಿ ಶ್ರುತಿ ಎಲ್ಲಿದ್ದರೂ ನಡೆಯುತ್ತಿತ್ತು. ಮುಗಿದ ಮೇಲೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಆದರೆ ವಯಲಿನ್ ಹಿಡಿದವನು ಮಾತ್ರ ವಿದ್ವಾನ್ ಆಗಿರಬೇಕು, ಇಲ್ಲ ಕಿಟಕಿ ಹಾಕಿಕೊಳ್ಳಬೇಕು. ನನ್ನ ಬಾಯಿಗೂ ಮೊದಲು ಬಂದದ್ದು ಅದೇ ಪ್ರಶ್ನೆ ಅಲ್ವಾ?

ರಾತ್ರಿ ಅವ್ವನಿಗೆ ಫೋನ್ ಮಾಡಿ ವಯಲಿನ್ ಎಲ್ಲಿದೆ ಅಂತ ಕೇಳಿದೆ.

"ಅಟ್ಟದ ಮೇಲೈತೆ ನೋಡವ್ವ. ತಂತಿ ಎಲ್ಲಾ ಹೋಗ್ಯಾವೆ. ಕಮಾನಿನ ಕೂದಲು ಹುಳ ತಿಂದೈತೆ. ಯಾಕೆ ಈಗ?"

ಹಿಂದಿನಿಂದ ಅಪ್ಪನ ದನಿ ಕೇಳಿಸಿತು: "ತಂತಿ ಕೂರೋ ಕುದುರೆ ಮುರಿದಿಲ್ಲ, ಪೆಟ್ಟಿಗೇಲಿ ತೆಗೆದಿಟ್ಟೀನಿ ಅಂತ ಹೇಳು."